ಹಳಿ ಕಿತ್ತ ಮೇಲೆ ನೆಲ ಯಾರದು?

ಆ ದಾರಿಯಲ್ಲಿ ನಡೆಯಲು ಶುರುಮಾಡಿದ ಮೂರನೆಯ ದಿನ ಅವ್ವ ಒಂದು ಪ್ರಶ್ನೆ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಒಂದು ವರ್ಷವಾಯಿತು, ಈಗಲೂ ಪೂರ್ತಿ ಉತ್ತರ ಸಿಕ್ಕಿದೆ ಎಂದು ಹೇಳಲಾರೆ. ಆದರೆ ಆ ಪ್ರಶ್ನೆ ಎಷ್ಟು ದೊಡ್ಡದು ಎಂಬುದು ಈಗ ಸ್ವಲ್ಪ ಗೊತ್ತಾಗಿದೆ.

ಅಕ್ಕನ ಬಾಣಂತನಕ್ಕೆಂದು ಅವ್ವ ಅಮೆರಿಕಕ್ಕೆ ಹೊರಟಳು. ಬಳ್ಳಾರಿ ದಾಟಿದರೆ ಬೆಂಗಳೂರು, ಬೆಂಗಳೂರು ದಾಟಿದರೆ ತಿರುಪತಿ, ಅಷ್ಟೇ ಅವಳು ಕಂಡ ಲೋಕ. ಒಬ್ಬಳೇ ಹೋಗಲಾರಳೆಂದು ನಾನೂ ಜೊತೆಗೆ ಹೋದೆ. ಪಿಎಚ್.ಡಿ.ಯ ಮೂರನೆಯ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ಮಾರ್ಗದರ್ಶಕರು "ಹೋಗಿ ಬಾ, ಅಲ್ಲೇ ಕೂತು ಬರಿ" ಎಂದರು. ಅಪ್ಪ ಎಮ್ಮೆಗಳ ನೆಪ ಹೇಳಿ ಕೊಳಗಲ್ಲಿನಲ್ಲೇ ಉಳಿದ. ಅಕ್ಕ, ಭಾವ ಇದ್ದದ್ದು ಸಿಯಾಟಲ್ ನಗರದ ಉತ್ತರಕ್ಕಿರುವ ಕೆನ್ಮೋರ್ ಎಂಬ ಊರಿನಲ್ಲಿ. ಮನೆಯಿಂದ ಹತ್ತು ನಿಮಿಷ ನಡೆದರೆ ವಾಷಿಂಗ್ಟನ್ ಸರೋವರದ ಉತ್ತರದ ತುದಿ. ದಂಡೆಗುಂಟ ಒಂದು ಕಾಲುದಾರಿ. ಅದರ ಹೆಸರು ಬರ್ಕ್-ಗಿಲ್ಮನ್ ಟ್ರೇಲ್.

ದಿನಾ ಸಂಜೆ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅವ್ವ, ನಾನು ಅಲ್ಲಿ ನಡೆಯುತ್ತಿದ್ದೆವು. ಒಂದು ಕಡೆ ನೀರು, ದೋಣಿಗಳು, ದೋಣಿ ಕಟ್ಟುವ ಮರದ ಕಟ್ಟೆಗಳು. ಇನ್ನೊಂದು ಕಡೆ ದಿಬ್ಬ, ದಿಬ್ಬದ ಮೇಲೆ ಮನೆಗಳು. ದಾರಿಯಲ್ಲಿ ಏರಿಲ್ಲ, ಇಳಿಜಾರಿಲ್ಲ, ಮೊಂಡು ತಿರುವೂ ಇಲ್ಲ. ಮಂಡಿನೋವಿನ ಅವ್ವ ಒಂದು ಸಲವೂ "ಕೂಡ್ತೀನಿ" ಅನ್ನಲಿಲ್ಲ. ಅದೇಕೆ ಹೀಗೆ ಸಮತಟ್ಟಾಗಿದೆ ಎಂದು ಭಾವನನ್ನು ಕೇಳಿದೆ. "ಅದು ರೈಲಿನ ದಾರಿ ಆಗಿತ್ತಲ್ಲ" ಎಂದರು. ಗುಡ್ಡ ಹತ್ತುವುದು ರೈಲಿಗೆ ಕಷ್ಟ. ಹಾಗಾಗಿ ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿಸಿ, ನೀರಿನ ಮಟ್ಟವನ್ನೇ ಹಿಡಿದು ದಾರಿ ಮಾಡಿರುತ್ತಾರೆ. ನೂರು ವರ್ಷದ ಹಿಂದೆ ಇಂಜಿನ್ನಿಗೆಂದು ಮಾಡಿದ ಅನುಕೂಲ ಈಗ ನಮ್ಮವ್ವನ ಮಂಡಿಗೆ ಒದಗಿತ್ತು.

ಅವ್ವನಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಇಷ್ಟು: "ರೈಲು ಹೋದಮ್ಯಾಲೆ ಆ ಜಾಗ ಹೊಲದೋರಿಗೆ ವಾಪಸ್ ಕೊಡ್ಲಿಲ್ಲೇನು?"

ನಾನು ಸುಮ್ಮನಾದೆ. ಅವಳು ಯಾವ ಹೊಲದ ನೆನಪಿನಲ್ಲಿ ಈ ಮಾತು ಕೇಳಿದಳೆಂದು ನನಗೆ ಗೊತ್ತಿತ್ತು.

*

ಬಳ್ಳಾರಿಯಿಂದ ಕುಡತಿನಿಯ ತನಕ, ಆಚೀಚಿನ ಹಳ್ಳಿಗಳಲ್ಲಿ, 2010ರ ಸುಮಾರಿಗೆ ಕೈಗಾರಿಕೆಗೆಂದು ಸಾವಿರಾರು ಎಕರೆ ಜಮೀನು ಹೋಯಿತು. ಉಕ್ಕಿನ ಕಾರ್ಖಾನೆಗಳು ಬರುತ್ತವೆ, ಮನೆಗೊಂದು ಕೆಲಸ ಸಿಗುತ್ತದೆ ಎಂಬ ಮಾತಿತ್ತು. ನಮ್ಮದು ನಾಲ್ಕು ಎಕರೆ ಎರೆ ಹೊಲ. ಮುಂಗಾರಿಗೆ ಹತ್ತಿ, ಹಿಂಗಾರಿಗೆ ಜೋಳ ಇಲ್ಲವೇ ಕಡಲೆ. ಅಪ್ಪ ಹೆಬ್ಬೆಟ್ಟು ಒತ್ತುವವನಲ್ಲ, ಏಳನೇ ಕ್ಲಾಸು ಓದಿದವನು. ಕಾಗದವನ್ನು ಎರಡು ಸಲ ಓದಿಯೇ ಸಹಿ ಮಾಡಿದ. ದುಡ್ಡು ಬಂತು. ಕಾರ್ಖಾನೆ ಬರಲಿಲ್ಲ. ಹೊಲದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು.

ಇಂಥ ನೆಲಕ್ಕಾಗಿ ಕುಡತಿನಿಯಲ್ಲಿ 2022ರ ಡಿಸೆಂಬರಿನಲ್ಲಿ ರೈತರು ಧರಣಿ ಕೂತರು. ನೂರಾರು ದಿನ ಕೂತರು. ಕೊಟ್ಟ ಪರಿಹಾರ ನ್ಯಾಯದ್ದಲ್ಲ, ಸರಿಯಾದ ಬೆಲೆ ಕೊಡಿ, ಇಲ್ಲವೇ ಕಾರ್ಖಾನೆ ಕಟ್ಟಿ ಕೆಲಸ ಕೊಡಿ, ಅದೂ ಆಗದಿದ್ದರೆ ನೆಲ ವಾಪಸ್ ಕೊಡಿ ಎಂಬುದು ಅಲ್ಲಿ ಕೇಳಿಬಂದ ಮಾತು. ಅಪ್ಪನೂ ಕೆಲವು ದಿನ ಹೋಗಿ ಕೂತು ಬಂದಿದ್ದ.

ಆದ್ದರಿಂದ ಸರೋವರದ ದಂಡೆಯ ಆ ಪ್ರಶ್ನೆಯನ್ನು ಅವ್ವ ತಿಳಿವಳಿಕೆಗೆಂದು ಕೇಳಿದ್ದಲ್ಲ. ಅವಳು ಲೆಕ್ಕ ಕೇಳುತ್ತಿದ್ದಳು.

ಆ ದಾರಿಯ ಕಥೆ ಹುಡುಕಿದೆ. 1885ರಲ್ಲಿ ಥಾಮಸ್ ಬರ್ಕ್, ಡೇನಿಯಲ್ ಗಿಲ್ಮನ್ ಮತ್ತಿತರರು ಸೇರಿ ರೈಲು ಕಂಪನಿಯೊಂದನ್ನು ಕಟ್ಟಿದರು. ಸರೋವರದ ದಂಡೆ ಹಿಡಿದು ಹಳಿ ಹಾಕಿದರು. ಕಲ್ಲಿದ್ದಲು, ಮರದ ದಿಮ್ಮಿ ಸಾಗಿದವು. ಕಂಪನಿ ಕೈಬದಲಾಯಿತು, ಕಾಡು ಕರಗಿತು, ಗಣಿ ಮುಗಿಯಿತು. 1971ರಲ್ಲಿ ರೈಲಿನವರು ಈ ಮಾರ್ಗ ಬೇಡವೆಂದು ಬಿಟ್ಟರು. ಆಗ ಊರಿನ ಜನ ಇದನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡಿ ಎಂದು ಪಟ್ಟು ಹಿಡಿದರು. ದಂಡೆಯ ಮನೆಗಳವರು ಬೇಡವೆಂದರು. ಕಳ್ಳರು ಬರುತ್ತಾರೆ, ಹಿತ್ತಲಿಗೆ ಇಣುಕುತ್ತಾರೆ, ಮನೆಯ ಬೆಲೆ ಬೀಳುತ್ತದೆ ಎಂಬ ಭಯ ಅವರದು. ವರ್ಷಗಟ್ಟಲೆ ಸಭೆಗಳಾದವು. 1978ರಲ್ಲಿ ಮೊದಲ 12 ಮೈಲಿ ದಾರಿ ತೆರೆಯಿತು. 1987ರಲ್ಲಿ ಸಿಯಾಟಲ್ ನಗರಾಡಳಿತವೇ ಒಂದು ಅಧ್ಯಯನ ಮಾಡಿ ನೋಡಿತು. ಕಳವು ಹೆಚ್ಚಿರಲಿಲ್ಲ. ದಾರಿಗೆ ಹತ್ತಿರದ ಮನೆಗಳ ಬೆಲೆ ಇಳಿಯುವ ಬದಲು ಶೇ. 6ರಷ್ಟು ಏರಿತ್ತು. ಬೇಡವೆಂದವರ ಮನೆಗಳಿಗೆ ಈಗ ಆ ದಾರಿಯೇ ಜಾಹೀರಾತು.

ಇಷ್ಟು ಓದಿದಾಗ ನನಗೆ ಖುಷಿಯಾಯಿತು. ಕೆಲಸ ಮುಗಿದ ನೆಲ ಎಲ್ಲರಿಗೂ ದಕ್ಕಿತಲ್ಲ ಎನ್ನಿಸಿತು. ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಆ 12 ಮೈಲಿಯನ್ನೂ, ಅಂದರೆ ಸುಮಾರು 19 ಕಿ.ಮೀ., ಒಬ್ಬಳೇ ನಡೆದೆ. ದಂಡೆ ಬಿಟ್ಟು ವಿಶ್ವವಿದ್ಯಾಲಯದ ಆವರಣ ದಾಟಿದರೆ ಕೊನೆಗೆ ಗ್ಯಾಸ್ ವರ್ಕ್ಸ್ ಪಾರ್ಕ್. ಅದೂ ಹಳೆಯ ಗ್ಯಾಸ್ ಕಾರ್ಖಾನೆ, 1956ರಲ್ಲಿ ಮುಚ್ಚಿದ್ದು. ತುಕ್ಕು ಹಿಡಿದ ಗೋಪುರಗಳನ್ನು ಹಾಗೇ ನಿಲ್ಲಿಸಿ 1975ರಲ್ಲಿ ಉದ್ಯಾನ ಮಾಡಿದ್ದಾರೆ. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ನಾನು ಹುಲ್ಲಿನ ಮೇಲೆ ಕೂತು ಅಕ್ಕ ಕೊಟ್ಟ ಚಪಾತಿ ತಿನ್ನುತ್ತ, ಅವರ ಊರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ನೆಲ ಜನಕ್ಕೆ ಸಿಗುತ್ತದೆ, ನಮ್ಮೂರಲ್ಲಿ ಕಾರ್ಖಾನೆ ಹುಟ್ಟದೆಯೂ ನೆಲ ಹೋಗುತ್ತದೆ ಎಂದುಕೊಂಡೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. "ಎಲ್ಲಾರಿಗೂ ಅಂತೀಯಲ್ಲ, ಅದ್ರಾಗೆ ಕೊಟ್ಟೋನು ಅದಾನೇನು?" ಎಂದಳು.

*

ಕೊಟ್ಟವರು ಯಾರು? ರೈಲು ಕಂಪನಿಗಿಂತ ಹಿಂದಕ್ಕೆ ಹೋದರೆ ಆ ದಂಡೆ ಡುವಾಮಿಶ್ ಎಂಬ ಮೂಲನಿವಾಸಿಗಳದು. ನಗರದ ಹೆಸರೇ ಅವರ ನಾಯಕ ಸಿಯಾಟಲ್‌ನದು. 1855ರಲ್ಲಿ ಅವರಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡರು. ಹತ್ತು ವರ್ಷ ಕಳೆದು, 1865ರಲ್ಲಿ, ಮೂಲನಿವಾಸಿಗಳು ಊರೊಳಗೆ ವಾಸಿಸಕೂಡದೆಂದು ಆ ಊರೇ ಕಾನೂನು ಮಾಡಿತು. ಯಾರ ಹೆಸರನ್ನು ಊರಿಗೆ ಇಟ್ಟುಕೊಂಡರೋ ಅವನ ಜನಕ್ಕೆ ಊರಲ್ಲಿ ಜಾಗವಿಲ್ಲ. 1916ರಲ್ಲಿ ಹಡಗು ಕಾಲುವೆ ತೆರೆದಾಗ ಸರೋವರದ ನೀರು ಸುಮಾರು 9 ಅಡಿ ಇಳಿಯಿತು. ಸರೋವರದಿಂದ ಹೊರಡುತ್ತಿದ್ದ ಬ್ಲ್ಯಾಕ್ ನದಿ ಒಣಗಿಹೋಯಿತು. ಅದರ ದಡದಲ್ಲಿ ಮೀನು ಹಿಡಿದು ಬದುಕುತ್ತಿದ್ದವರೂ ಇದೇ ಜನ. 1971ರ ನಂತರ ನಡೆದ ಸಭೆಗಳೆಲ್ಲ ಮನೆಯವರಿಗೂ ನಡೆಯುವವರಿಗೂ ನಡುವಿನ ಜಗಳ. 'ಮೂಲದವರು' ಎಂಬ ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ನಾವು ತೀರ್ಮಾನಿಸುತ್ತೇವೆ, ಸಾಮಾನ್ಯವಾಗಿ ನಮಗಿಂತ ಒಂದು ತಲೆಮಾರು ಹಿಂದಕ್ಕೆ ನಿಲ್ಲಿಸುತ್ತೇವೆ.

ಇದನ್ನು ಬರೆಯುವಾಗ ನನಗೇ ಮುಜುಗರ. ನಮ್ಮ ಜಿಲ್ಲೆಯ ಹಸಿರಿಗೆ ಕಾರಣವಾದ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಾಗ ಹತ್ತಾರು ಹಳ್ಳಿಗಳು ಮುಳುಗಿದವು. ಸಿರುಗುಪ್ಪದ ಭತ್ತದ ಅನ್ನ ಉಣ್ಣುವಾಗ ಆ ಊರುಗಳ ಹೆಸರು ನನ್ನ ಬಾಯಿಗೆ ಬಂದದ್ದಿಲ್ಲ.

ಅಮೆರಿಕದಲ್ಲಿ ಅವ್ವನ ಪ್ರಶ್ನೆ ಕೋರ್ಟಿಗೂ ಹೋಗಿದೆ. ಅದೂ ಒಂದು ಸರೋವರದ ದಂಡೆಯಿಂದಲೇ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದಲ್ಲಿ ಶಾಂಪ್ಲೇನ್ ಸರೋವರಕ್ಕೆ ಹತ್ತಿ ಒಂದು ಹಳೆಯ ರೈಲು ಮಾರ್ಗ. ಹಳಿ ಕಿತ್ತ ಮೇಲೆ ಅಲ್ಲಿ ಕಾಲುದಾರಿ ಬಂತು. ದಂಪತಿಯೊಂದು ತಕರಾರು ತೆಗೆಯಿತು. ರೈಲಿಗೆ ಅಂದು ಸಿಕ್ಕಿದ್ದು ಹಾದುಹೋಗುವ ಹಕ್ಕು ಮಾತ್ರ, ನೆಲವಲ್ಲ. ರೈಲು ನಿಂತರೆ ಹಕ್ಕೂ ನಿಂತಿತು. ಈ ನೆಲ ನಮ್ಮದು ಎಂದು. ಇದಕ್ಕೆ ಅಡ್ಡ ಬಂದದ್ದು 1983ರ ಒಂದು ಕಾನೂನು. ಅದರ ಜಾಣತನ ನೋಡಿ: ಮಾರ್ಗವನ್ನು 'ಕೈಬಿಟ್ಟಿಲ್ಲ', ಮುಂದೆಂದಾದರೂ ರೈಲು ಬೇಕಾಗಬಹುದೆಂದು 'ಕಾಯ್ದಿರಿಸಿದೆ', ಅಲ್ಲಿಯ ತನಕ ಜನ ನಡೆಯಲಿ. ಕೈಬಿಡದೆ ಇದ್ದುದರಿಂದ ನೆಲ ಮಾಲೀಕರಿಗೆ ಮರಳುವ ಪ್ರಶ್ನೆಯೇ ಏಳುವುದಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟು ಕಾನೂನು ಸರಿ ಎಂದಿತು. 1996ರಲ್ಲಿ ಇನ್ನೊಂದು ನ್ಯಾಯಾಲಯ, ದಾರಿ ಇರಲಿ, ಆದರೆ ಸರ್ಕಾರ ಹೀಗೆ ಮಾಡಿದ್ದು ಆ ದಂಪತಿಯ ನೆಲವನ್ನು ಹೊಸದಾಗಿ ತೆಗೆದುಕೊಂಡ ಹಾಗೆಯೇ, ಪರಿಹಾರ ಕೊಡಬೇಕು ಎಂದಿತು.

ಆ ಕಾನೂನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬಾರದ ರೈಲು ಮುಂದೆ ಬಂದೀತು ಎಂದು ನಂಬಿದಂತೆ ನಟಿಸಿದರೆ ನೆಲ ವಾಪಸ್ ಕೊಡಬೇಕಿಲ್ಲ. ನಮ್ಮೂರಲ್ಲಿಯೂ ಕಾರ್ಖಾನೆ ಹದಿನೈದು ವರ್ಷದಿಂದ 'ಬರುತ್ತಲೇ' ಇದೆ. ಉದ್ದೇಶ ಸತ್ತಿದೆ ಎಂದು ಯಾರೂ ಒಪ್ಪುವುದಿಲ್ಲ, ಏಕೆಂದರೆ ಸತ್ತಿದೆ ಎಂದರೆ ಆಸ್ತಿಯ ಮಾತು ಬರುತ್ತದೆ. ವ್ಯತ್ಯಾಸ ಒಂದೇ. ಅಲ್ಲಿ ಕಾಯುವ ಹೊತ್ತಿನಲ್ಲಿ ಜನ ನಡೆಯುತ್ತಾರೆ. ಇಲ್ಲಿ ಜಾಲಿ ಬೆಳೆಯುತ್ತದೆ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 2013ರ ಭೂಸ್ವಾಧೀನ ಕಾಯ್ದೆಯ 101ನೇ ಕಲಮು ಹೇಳುವುದು: ಸ್ವಾಧೀನಕ್ಕೆ ಪಡೆದ ನೆಲ ಐದು ವರ್ಷ ಬಳಕೆಯಾಗದೆ ಬಿದ್ದಿದ್ದರೆ ಅದನ್ನು ಮೂಲ ಮಾಲೀಕರಿಗೆ, ಇಲ್ಲವೇ ಅವರ ವಾರಸುದಾರರಿಗೆ, ಅಥವಾ ಸರ್ಕಾರದ ಭೂಬ್ಯಾಂಕಿಗೆ ಮರಳಿಸಬೇಕು. ಅದಕ್ಕೂ ಹಿಂದೆ, ಬೇರೆ ಕಾಯ್ದೆಗಳ ಅಡಿ ಹೋದ ನೆಲಕ್ಕೆ ಈ ಕಲಮಿನ ನೆರಳು ಸುಲಭವಾಗಿ ತಾಗುವುದಿಲ್ಲ. ತಾಗಿದರೂ ಆ 'ಅಥವಾ' ನೋಡಿ. ರೈತನಿಗೆ ಅಥವಾ ಸರ್ಕಾರಕ್ಕೆ. ಶಾಸನ ಓದುವವರಿಗೆ ಒಂದು ಅಕ್ಷರ ಅಳಿದರೆ ಅರ್ಥ ಹೇಗೆ ಬದಲಾಗುತ್ತದೆಂಬುದು ಗೊತ್ತು. ಇಲ್ಲಿ ಅಕ್ಷರ ಅಳಿದಿಲ್ಲ, ಮೂರು ಅಕ್ಷರದ ಒಂದು ಪದವನ್ನು ಬೇಕೆಂದೇ ಕೆತ್ತಿದ್ದಾರೆ.

*

ಭಾವ ಒಳ್ಳೆಯವರು, ವಾದಕ್ಕೆ ಕೂತರೆ ಬಿಡುವವರಲ್ಲ. ಒಂದು ರಾತ್ರಿ ಊಟದ ಹೊತ್ತಿಗೆ ಅವರು ಹೇಳಿದರು: "ನಾನು ನನ್ನ ಸೈಕಲ್ ಮಾರಿದೆ ಅಂತಿಟ್ಟುಕೊ. ಕೊಂಡವನು ಅದನ್ನ ಓಡಿಸದೆ ಹಿತ್ತಲಲ್ಲಿ ಹಾಕಿದ. 'ನೀನು ಓಡಿಸ್ತಿಲ್ಲ, ವಾಪಸ್ ಕೊಡು' ಅನ್ನೋಕಾಗುತ್ತಾ? ದುಡ್ಡು ತಗೊಂಡಾಯ್ತಲ್ಲ."

ಇದು ಹಗುರವಾದ ವಾದವಲ್ಲ. ದುಡ್ಡು ತಗೊಂಡದ್ದು ನಿಜ. ಇನ್ನೂ ಒಂದು ನಿಜ ಆ ಮೇಜಿನ ಸುತ್ತಲೇ ಕೂತಿತ್ತು. ಆ ದುಡ್ಡಿನಲ್ಲಿ ಅಕ್ಕ ಎಂಜಿನಿಯರಿಂಗ್ ಓದಿದಳು. ಆ ಓದಿನಿಂದ ಅವಳು ಕೆನ್ಮೋರಿಗೆ ಬಂದಳು. ಅವಳು ಬಂದದ್ದರಿಂದ ಅವ್ವ ಆ ದಾರಿಯಲ್ಲಿ ನಡೆದಳು, ಪ್ರಶ್ನೆ ಕೇಳಿದಳು. ಹೊಲ ಹೋಗದಿದ್ದರೆ ನಾನು ಈ ಲೇಖನ ಬರೆಯುತ್ತಲೂ ಇರಲಿಲ್ಲ. ಅಕ್ಕ ತಟ್ಟೆಯಿಂದ ತಲೆಯೆತ್ತದೆ, "ನನ್ನ ಫೀಸು ಅದೇ ದುಡ್ಡು. ನಾನೇನು ಮಾತಾಡ್ಲಿ" ಎಂದಳು.

ಭಾವನ ಮಾತಿಗೆ ನನ್ನ ಉತ್ತರ ಅಂದು ಹೊಳೆಯಲಿಲ್ಲ, ವಾರ ಬಿಟ್ಟು ಹೊಳೆಯಿತು. ಸೈಕಲ್ ಮಾರುವವನು "ಮಾರಲ್ಲ" ಅನ್ನಬಹುದಿತ್ತು. ಅಪ್ಪ ಹಾಗನ್ನುವಂತಿರಲಿಲ್ಲ. ಒಲ್ಲೆ ಎನ್ನಲು ಬಾರದ ಕಡೆ ಕೊಟ್ಟದ್ದು ಬೆಲೆಯಲ್ಲ, ಪರಿಹಾರ. ಹೆಸರೇ ಹೇಳುತ್ತದೆ, ಆದ ನೋವಿಗೆ ಕೊಡುವುದು ಪರಿಹಾರ. ಹಾಗಾದರೆ ಒಬ್ಬನ ಒಲ್ಲೆಯನ್ನು ದಾಟಿ ನೆಲ ತೆಗೆದುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು? ಉದ್ದೇಶದಿಂದ ಬಂತು. ನಾಲ್ಕು ಜನಕ್ಕೆ ಒಳ್ಳೆಯದಾಗುತ್ತದೆ ಎಂಬ ಮಾತೇ ಅದಕ್ಕೆ ಆಧಾರ. ಮಾರಾಟದಲ್ಲಿ ಕೊಂಡವನ ಉದ್ದೇಶ ನನಗೆ ಸಂಬಂಧವಿಲ್ಲ. ಸ್ವಾಧೀನದಲ್ಲಿ ಉದ್ದೇಶವೇ ಎಲ್ಲ. ಅದು ಬಿದ್ದುಹೋದರೆ ಕಂಬ ಬಿದ್ದ ಚಪ್ಪರದ ಕೆಳಗೆ ನಿಂತು "ಚಪ್ಪರ ನಮ್ಮದು" ಎಂದ ಹಾಗೆ.

ಹಾಗೆಂದು ವಾಪಸ್ ಕೊಡುವುದೊಂದೇ ನ್ಯಾಯವೇ? ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಸುಮಾರು ಸಾವಿರ ಎಕರೆಯನ್ನು ರೈತರಿಗೆ ಮರಳಿಸಲು ಹೇಳಿತು. ಮರಳಿತು. ಆದರೆ ಕಾರ್ಖಾನೆಗೆ ಹಾಕಿದ್ದ ಅಡಿಪಾಯ, ಕಾಂಕ್ರೀಟು ನೆಲದಲ್ಲಿ ಉಳಿದು ಎಷ್ಟೋ ಕಡೆ ನೇಗಿಲು ಇಳಿಯಲಿಲ್ಲ. ನಮ್ಮ ಹೊಲ ಸಿಕ್ಕಿದರೂ ಜಾಲಿಯ ಬೇರು ಕೀಳಿಸಲು ಎಷ್ಟಾದೀತು? ಉಳುವವರು ಯಾರು, ಸಿಯಾಟಲ್‌ನ ಅಕ್ಕನೋ, ಶಾಸನ ಓದುವ ನಾನೋ? ಸರೋವರದ ದಂಡೆಯ ಹಾಗೆ ಎಲ್ಲರಿಗೂ ಉಪಯೋಗವಾಗುವ ಇನ್ನೇನೋ ಒಂದು ಅಲ್ಲಿ ಬರುವುದಾದರೆ ಅದನ್ನು ತಪ್ಪೆನ್ನುವುದು ಕಷ್ಟ.

ನಾನು ಇದನ್ನೆಲ್ಲ ಹೇಳಿದಾಗ ಅವ್ವ ದಾರಿಯ ಪಕ್ಕದ ಮುಳ್ಳುಪೊದೆಯಿಂದ ಕಪ್ಪು ಹಣ್ಣು ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಆಗಸ್ಟಿನಲ್ಲಿ ಆ ದಾರಿಯುದ್ದಕ್ಕೂ ಅದೇ ಹಣ್ಣು. ಅಲ್ಲಿನವರು ಅದಕ್ಕೆ ಹಿಮಾಲಯನ್ ಬ್ಲ್ಯಾಕ್‌ಬೆರಿ ಎನ್ನುತ್ತಾರೆ. ಅದು ಹಿಮಾಲಯದ್ದಲ್ಲ, ಆರ್ಮೇನಿಯಾ, ಇರಾನಿನ ಕಡೆಯದು. 1885ರಲ್ಲಿ, ಆ ರೈಲು ಕಂಪನಿ ಹುಟ್ಟಿದ ವರ್ಷವೇ, ಲೂಥರ್ ಬರ್ಬ್ಯಾಂಕ್ ಎಂಬ ಸಸ್ಯತಜ್ಞ ತಪ್ಪು ಹೆಸರಿಟ್ಟು ಹರಡಿದ. ಈಗ ಕಡಿದಷ್ಟೂ ಬೆಳೆಯುವ ಪೀಡೆ. ನಮ್ಮ ಹೊಲ ನುಂಗಿದ ಬಳ್ಳಾರಿ ಜಾಲಿಯೂ ಬಳ್ಳಾರಿಯದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಇದನ್ನು ಕೇಳಿ ಅವ್ವ ನಕ್ಕಳು. ಆಮೇಲೆ ನನ್ನ ಉದ್ದನೆಯ ಮಾತಿಗೆ ಉತ್ತರ ಕೊಟ್ಟಳು:

"ಏನಾರ ಮಾಡ್ಲಿ. ಆದ್ರ ಬಂದು ಕೇಳ್ಬೇಕಲ್ಲ? ಕಾರ್ಖಾನಿ ಆಗ್ಲಿಲ್ಲ, ಈಗ ಇಂಥಾದ್ದು ಮಾಡ್ತೀವಿ, ಏನಂತೀರಿ ಅಂತ. ಹೂಂ ಅಂತೀವೋ ಊಹೂಂ ಅಂತೀವೋ, ಅದು ಆಮ್ಯಾಗಿನ ಮಾತು."

ನನ್ನ ಮಟ್ಟಿಗೆ ಈ ಪ್ರಶ್ನೆಗೆ ಸಿಕ್ಕ ಉತ್ತರದಲ್ಲಿ ಇದೇ ಗಟ್ಟಿಯಾದ ಭಾಗ. ಉದ್ದೇಶ ಬಿದ್ದುಹೋದ ಮೇಲೆ ನೆಲ ಹಿಡಿದವನು ಮಾಲೀಕನಲ್ಲ, ಇಟ್ಟುಕೊಂಡವನು. ಅವನು ಕೊಟ್ಟವನ ಮನೆಗೆ ಮತ್ತೊಮ್ಮೆ ಹೋಗಬೇಕು. ಹೋಗಿ, ಆಡಿದ ಮಾತು ನಡೆಯಲಿಲ್ಲ ಎಂದು ಮೊದಲು ಒಪ್ಪಿಕೊಳ್ಳಬೇಕು. ವಾಪಸ್ ಕೊಡುವುದೋ, ಬೇರೆ ಕೆಲಸಕ್ಕೆ ಹಚ್ಚುವುದೋ, ಹೆಚ್ಚಿನ ದುಡ್ಡು ಕೊಡುವುದೋ ಅಲ್ಲಿಂದ ಮುಂದೆ ಕೂತು ಆಡುವ ಮಾತು. ವರ್ಮಾಂಟಿನ ದಂಪತಿಗೆ ಅಷ್ಟಾದರೂ ದಕ್ಕಿತು, ಕೋರ್ಟಿನ ದಾರಿಯಲ್ಲಿ. 

*

ಊರಿಗೆ ಬಂದು ನಿಂತುಹೋಗಿದ್ದ ಅಧ್ಯಾಯ ತೆರೆದೆ. ವಿಷಯ, ಬಳ್ಳಾರಿ ಸೀಮೆಯ ದಾನಶಾಸನಗಳ ಶಾಪಾಶಯ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದತ್ತಿಯ ನೆಲ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬಂಥ ಶಾಪ ನೂರಾರು ಕಲ್ಲುಗಳ ಕೊನೆಗಿದೆ. ನಮ್ಮ ಕೊಳಗಲ್ಲಿನಲ್ಲೇ ಕ್ರಿ.ಶ. 967ರ ರಾಷ್ಟ್ರಕೂಟ ಶಾಸನವಿದೆ. ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದ ಕಾಲದ್ದು. ಉತ್ತರ ಬಂಗಾಳದ ವರೇಂದ್ರಿ ಸೀಮೆಯಿಂದ ಇಷ್ಟು ದೂರ ಬಂದು ಇಲ್ಲಿ ದೇವರನ್ನು ಪ್ರತಿಷ್ಠೆ ಮಾಡಿದ ಗದಾಧರನ ಸಂಗತಿ ಅದರಲ್ಲಿದೆ. ಚಿಕ್ಕಂದಿನಿಂದ ಆ ಕಲ್ಲು ನನಗೆ ಹೆಮ್ಮೆ.

ಉದ್ದೇಶ ಮುರಿದವನಿಗೆ ಶಾಪ, ಎಷ್ಟು ದೊಡ್ಡ ನೀತಿ ಎಂದು ಹಿಂದೆ ಬರೆದಿದ್ದೆ. ಈಗ ಆ ಪುಟಗಳನ್ನು ಓದುವಾಗ ಅವ್ವನ ಪ್ರಶ್ನೆ ಅಡ್ಡ ಬಂತು. ಶಾಪ ಕಾಯುವುದು ದಾನ ಪಡೆದವನನ್ನು. ದಾನಕ್ಕೆ ಮೊದಲು ಆ ನೆಲದಲ್ಲಿ ಉಳುತ್ತಿದ್ದವರು ಯಾರು, ಅವರನ್ನು ಯಾರಾದರೂ ಕೇಳಿದರೇ? ನಾನು ಓದಿದ ಶಾಸನಗಳಲ್ಲಿ ಗಡಿಯ ಕಲ್ಲು, ಮರ, ಹಳ್ಳ ಎಲ್ಲದರ ಲೆಕ್ಕವಿದೆ, ಉಳುವವನ ಹೆಸರು ಸಿಗುವುದು ಅಪರೂಪ. ಅಧ್ಯಾಯವನ್ನು ತಿರುಗಿ ಬರೆಯುತ್ತಿದ್ದೇನೆ. ಮಾರ್ಗದರ್ಶಕರಿಗೆ ಇನ್ನೂ ತೋರಿಸಿಲ್ಲ.

ಬಂದ ಎರಡನೆಯ ದಿನ ನಸುಕಿಗೆ ಎದ್ದಾಗ ಅಪ್ಪ ಚಪ್ಪಲಿ ಮೆಟ್ಟಿ ಹೊರಟಿದ್ದ. "ಎಲ್ಲಿಗೆ?" ಎಂದೆ. "ಸುಮ್ನೆ, ಒಂದು ಸುತ್ತು" ಎಂದ. ಹಿಂದೆ ಹೋದೆ. ಊರು ದಾಟಿ, ರಸ್ತೆ ಬಿಟ್ಟು ಜಾಲಿಯೊಳಗೆ ಹೊಕ್ಕ. ಒಳಗೆ ಒಬ್ಬ ಮನುಷ್ಯ ಹೋಗುವಷ್ಟು ಅಗಲದ ಕಾಲುದಾರಿ, ಮುಳ್ಳನ್ನು ಕುಡುಗೋಲಿನಿಂದ ಸವರಿದ್ದು. ಅದು ನೇರ ಹೋಗಿ ಎಡಕ್ಕೆ ತಿರುಗಿತು, ಮತ್ತೆ ನೇರ, ಮತ್ತೆ ಎಡಕ್ಕೆ. ಮೂರನೆಯ ತಿರುವಿನಲ್ಲಿ ನನಗೆ ತಿಳಿಯಿತು. ನಾವು ನಮ್ಮ ನಾಲ್ಕು ಎಕರೆಯ ಬದುವಿನ ಮೇಲೆ ನಡೆಯುತ್ತಿದ್ದೆವು. ಹೊಲ ಕಾಣುತ್ತಿರಲಿಲ್ಲ, ಬದುವು ಕಾಣುತ್ತಿರಲಿಲ್ಲ. ಹದಿನೈದು ವರ್ಷ ದಿನಾ ಸುತ್ತಿದ ಅವನ ಕಾಲಿನ ಗುರುತು ಮಾತ್ರ ಇತ್ತು.

"ಇಲ್ಲಿ ನಿಮ್ಮವ್ವ ಬುತ್ತಿ ಇಡ್ತಿದ್ಲು" ಎಂದು ಅಪ್ಪ ಒಂದು ಕಲ್ಲನ್ನು ಕಾಲಿನಿಂದ ತೋರಿಸಿ, ನಿಲ್ಲದೆ ಮುಂದೆ ಹೋದ.